ಎಣ್ಣೆ ತಾಗಬಾರದ ಜಾಗ

ಆ ಪೇಟೆಯ ಹೊಲಿಗೆ ಮಿಷನ್ನುಗಳಿಗೆಲ್ಲ ವೈದ್ಯನಂತಿದ್ದವನನ್ನು ಜನ ಎಣ್ಣೆ ಮೇಷ್ಟ್ರು ಎಂದು ಕರೆಯುತ್ತಿದ್ದರು. ಹೊಸಬರಿಗೆ ಈ ಹೆಸರು ಕೇಳಿ ಬೇರೆಯೇ ಅನುಮಾನ ಬರುತ್ತಿತ್ತು. ಆತ ಕುಡಿಯುತ್ತಿದ್ದದ್ದು ಟೀ ಮಾತ್ರ. ಮಿಷನ್ ಕಿರುಗುಟ್ಟಲಿ, ದಾರ ಕಡಿಯಲಿ, ಉದ್ದ ಮೂತಿಯ ಡಬ್ಬಿಯಿಂದ ಎರಡು ಹನಿ ಎಣ್ಣೆ ಬಿಡುವುದೇ ಆತನ ಮೊದಲ ಔಷಧ. ಹತ್ತರಲ್ಲಿ ಏಳು ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತಿತ್ತು. ಉಳಿದ ಮೂರು ಸಲ, ಎಣ್ಣೆ ಒಳಗೆ ಇಳಿಯಬೇಕು, ನಾಳೆ ಬನ್ನಿ ಎನ್ನುತ್ತಿದ್ದ. ಬೀಗ, ಕೊಡೆ, ಬಾಗಿಲ ತಿರುಗಣಿ, ಅಮ್ಮನ ಮಡಚುವ ಕುರ್ಚಿ, ಹೀಗೆ ಆ ಹನಿ ಬೀಳದ ವಸ್ತು ಮನೆಯಲ್ಲಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಆತನ ಅಂಗಡಿ. ಪರದೆಯ ಆಚೆಗೆ ಹೆಂಡತಿಯ ಹೊಲಿಗೆ. ಊರಾಚೆ ದಿಬ್ಬದ ಮೇಲಿನ ಆಸ್ಪತ್ರೆಗೆ ಪರದೆ, ಹಾಸಿಗೆ ಬಟ್ಟೆ ಹೊಲಿದುಕೊಡುವ ಕೆಲಸ ಆಕೆಯ ಕೈಗೆ ಬರುವಂತಿತ್ತು. ಅಲ್ಲಿನ ಉಗ್ರಾಣ ನೋಡಿಕೊಳ್ಳುವ ಹೆಂಗಸು ಎರಡು ಷರತ್ತು ಹಾಕಿದ್ದಳು: ವಾರವಾರ ಬಂದು ಹೋಗಲು ಸ್ವಂತ ಗಾಡಿ ಇರಬೇಕು, ಸೋಮವಾರ ಹತ್ತು ಗಂಟೆಯೊಳಗೆ ಮೊದಲ ಗಂಟು ತರಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ.

ಗಾಡಿ ಇತ್ತು. ಹೆಂಡತಿಯ ಹಳೆಯ ಗೇರಿಲ್ಲದ ಸ್ಕೂಟರ್. ಸಮತಟ್ಟು ರಸ್ತೆಯಲ್ಲಿ ಮರ್ಯಾದೆಯಿಂದಲೇ ಓಡುತ್ತಿತ್ತು. ಏರು ಕಂಡರೆ ಮಾತ್ರ ಎಂಜಿನ್ ಊಳಿಡುತ್ತಿತ್ತು, ಚಕ್ರ ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ತೆವಳುತ್ತಿತ್ತು. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮ್ಮ ಆ ಸದ್ದು ಕೇಳಿ, "ನಿಮ್ಮಪ್ಪನೂ ಹೀಗೇ ಕಣೋ. ಸದ್ದು ಭಾರಿ, ಕೂತಲ್ಲಿಂದ ಏಳ್ತಿರಲಿಲ್ಲ," ಅಂದಳು.

ಮೆಕ್ಯಾನಿಕ್ ಹತ್ತಿರ ಬಿಟ್ಟು ಬರೋಣ ಎಂದ ಹೆಂಡತಿಯನ್ನು ಮೇಷ್ಟ್ರು ನೋಡಿದ ನೋಟದಲ್ಲಿ ಮೂವತ್ತು ವರ್ಷದ ಸರ್ವೀಸು ಇತ್ತು. ಶನಿವಾರ ಬಿಡಿಭಾಗದ ಅಂಗಡಿಗೆ ಹೋಗಿ ಹೊಸ ಬೆಲ್ಟು, ಆರು ರೋಲರು ತಂದ. ಜೋಡಿಸಲು ಯಾರನ್ನಾದರೂ ಕಳಿಸಲೇ ಎಂದು ಅಂಗಡಿಯವನು ಕೇಳಿದ್ದೇ ಆತನಿಗೆ ಅವಮಾನವಾಯಿತು. ಬೇರೆ ಏನಾದರೂ ಹೇಳುವುದಿತ್ತೋ ಏನೋ, ಕೇಳಿಸಿಕೊಳ್ಳದೆ ಬಂದುಬಿಟ್ಟ.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಹಳೆಯ ಬೆಡ್‌ಶೀಟು ಹಾಸಿ ಸ್ಕೂಟರಿನ ಎಡಗಡೆಯ ಮುಚ್ಚಳ ಬಿಚ್ಚಿದ. ಬೋಲ್ಟುಗಳನ್ನು ಬಿಚ್ಚಿದ ವರಸೆಯಲ್ಲೇ ಅಂಗಿ ಗುಂಡಿಗಳನ್ನಿಡುವ ಡಬ್ಬಿಯ ಖಾನೆಗಳಲ್ಲಿಟ್ಟ. ಇದರಲ್ಲಿ ಆತನನ್ನು ಮೀರಿಸುವವರಿಲ್ಲ. ಒಳಗೆ ನೋಡಿದರೆ ಹಿಂದೊಂದು ಪುಲ್ಲಿ, ಮುಂದೊಂದು ಪುಲ್ಲಿ, ನಡುವೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ, ಸವೆದು ಬಿರುಕುಬಿಟ್ಟ ಬೆಲ್ಟು. ಮುಂದಿನ ಪುಲ್ಲಿಯೊಳಗೆ ದುಂಡಗಿರಬೇಕಾದ ರೋಲರುಗಳು ಒಂದೊಂದು ಪಕ್ಕ ಚಪ್ಪಟೆಯಾಗಿ ಕೂತಿದ್ದವು. ರೋಗ ಸರಿಯಾಗಿಯೇ ಹಿಡಿದಿದ್ದ. ಹೊಸದನ್ನು ಕೂರಿಸಿದ್ದೂ ಅಚ್ಚುಕಟ್ಟು. ಅಲ್ಲಿಗೇ ಕೈ ಒರೆಸಿಕೊಂಡು ಎದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಒಳಭಾಗವೆಲ್ಲ ಒಣಒಣ ಇತ್ತು. ಒಣಗಿದ ಯಂತ್ರ ಕಂಡರೆ ಆತನಿಗೆ ಹಸಿದ ಮಗು ಕಂಡಷ್ಟು ಸಂಕಟ. ಡಬ್ಬಿ ತಂದ. ಎರಡೇ ಹನಿ ಎಂದುಕೊಂಡವನು ಇಷ್ಟು ದೊಡ್ಡ ಮಿಷನ್ನಿಗೆ ಎರಡು ಹನಿ ಯಾವ ಮೂಲೆಗೆ ಎನಿಸಿ, ಪುಲ್ಲಿಗಳ ಮೈಗೆಲ್ಲ ಧಾರಾಳವಾಗಿ ಸವರಿದ.

ಮಧ್ಯಾಹ್ನ ಪರೀಕ್ಷೆ. ಹೆಂಡತಿ ಗಂಟು ಕಟ್ಟಿಕೊಂಡು ಮುಂದೆ, ಈತ ಹಿಂದೆ. ಬೀದಿ ದಾಟುವವರೆಗೆ ಸುಖವಾಗಿತ್ತು. ದಿಬ್ಬದ ಬುಡದಲ್ಲಿ ಎಂಜಿನ್ ಹಿಂದೆಂದಿಗಿಂತ ಜೋರಾಗಿ ಕೂಗಿತು, ಸ್ಕೂಟರ್ ನಿಂತೇಬಿಟ್ಟಿತು. ಈತ ಇಳಿದರೂ ಏರಲಿಲ್ಲ. ಮನೆಯವರೆಗೂ ಆಕೆ ಗಂಟು ಹೊತ್ತಳು, ಆತ ಸ್ಕೂಟರ್ ತಳ್ಳಿದ. ನಾಳೆ ಹತ್ತು ಗಂಟೆಯೊಳಗೆ ಆ ಗಂಟು ಆಸ್ಪತ್ರೆ ಮುಟ್ಟಬೇಕಿತ್ತು.

ಮತ್ತೆ ಮುಚ್ಚಳ ಬಿಚ್ಚಿದಾಗ ಹೆಂಡತಿ ಪಕ್ಕದಲ್ಲಿ ಕೂತು ಬೆಲ್ಟನ್ನು ಬೆರಳಿಂದ ಮುಟ್ಟಿದಳು. ಬೆರಳನ್ನು ಗಂಡನ ಮೂಗಿನ ಮುಂದೆ ಹಿಡಿದಳು.

"ಮದುವೆಯಾದ ಹೊಸದರಲ್ಲಿ ನನ್ನ ಮಿಷನ್ನಿನ ಬೆಲ್ಟಿಗೆ ಒಂದು ಹನಿ ಬೀಳಿಸಿದೆ ಅಂತ ಎಷ್ಟು ಬೈದಿದ್ರಿ, ನೆನಪಿದ್ಯಾ? ಬೆಲ್ಟು ಹಿಡ್ಕೊಂಡು ಎಳೀಬೇಕು, ಜಾರಿದ್ರೆ ಕಾಲು ತುಳಿದಿದ್ದೆಲ್ಲ ದಂಡ ಅಂದಿದ್ರಿ."

"ಅದು ಚರ್ಮದ್ದು. ಇದು ರಬ್ಬರು."

"ಎಣ್ಣೆ ಅದೇ ತಾನೇ?"

ಮೇಷ್ಟ್ರು ತಾನೂ ಪುಲ್ಲಿಯ ಮೇಲೆ ಬೆರಳಿಟ್ಟು ನೋಡಿದ, ಜಾರಿತು. ಕುರ್ಚಿಯಲ್ಲಿದ್ದ ಅಮ್ಮ, "ನನ್ನ ಕುರ್ಚೀನೂ ಹಾಗೇ ಜಾರೋದು. ಹೇಳಿದ್ರೆ ಯಾರು ಕೇಳ್ತಾರೆ," ಎಂದು ಸಮಯ ನೋಡಿ ಒಂದು ಮಾತು ಹಾಕಿದಳು.

ಬೆಳಕಿರುವಾಗಲೇ ಪುಲ್ಲಿಗಳನ್ನು ಪೆಟ್ರೋಲಿನ ಬಟ್ಟೆಯಿಂದ ಮೂರು ಸಲ ಒರೆಸಿದ. ಬೆಲ್ಟನ್ನು ಹೆಂಡತಿ ಸೋಪಿನ ನೀರಲ್ಲಿ ತಿಕ್ಕಿ ಒಣಗಿಸಿದಳು. ಎಣ್ಣೆ ಡಬ್ಬಿ ಆಕೆಯ ಮಿಷನ್ನಿನ ಡ್ರಾಯರಿನೊಳಗೆ ಹೋಯಿತು. ಬೀಗವೂ ಬಿತ್ತು.

ಸೋಮವಾರ ಬೆಳಗ್ಗೆ ಆಕೆ ಒಬ್ಬಳೇ ಹೊರಟಳು. ಈತ ಅದಕ್ಕೂ ಮೊದಲೇ ದಿಬ್ಬದ ಬುಡದವರೆಗೆ ನಡೆದು ಹೋಗಿ, ಯಾರಿಗೋ ಕಾಯುವವನಂತೆ ನಿಂತ. ಸ್ಕೂಟರ್ ಊಳಿಡಲಿಲ್ಲ. ಗುರ್ ಎಂದು ಒಂದೇ ಉಸಿರಿಗೆ ಏರಿ ತಿರುವಿನಲ್ಲಿ ಮರೆಯಾಯಿತು. ಹನ್ನೊಂದಕ್ಕೆ ಆಕೆ ಮರಳಿದಾಗ ಮುಂದಿನ ವಾರದ ಬಟ್ಟೆಯ ಥಾನು ಹಿಂದಿನ ಸೀಟಿನಲ್ಲಿತ್ತು.

ಈಗಲೂ ಗಿರಾಕಿಗಳು ಎರಡು ಹನಿ ಎಣ್ಣೆ ಬಿಡಿ ಎಂದರೆ ಮೇಷ್ಟ್ರು ಗಂಭೀರವಾಗಿ, ಎಲ್ಲಿ ಹಾಕಬಾರದು ಅನ್ನೋದು ಮೊದಲು ಕಲೀಬೇಕು, ಅದಕ್ಕೇ ಮೂವತ್ತು ವರ್ಷ ಬೇಕು ಎನ್ನುತ್ತಾನೆ. ಆಗ ಪರದೆಯ ಆಚೆ ಹೊಲಿಗೆ ಮಿಷನ್ ಒಂದು ಗಳಿಗೆ ನಿಲ್ಲುತ್ತದೆ. ಈತನೂ ಬಾಯಿ ಮುಚ್ಚಿ, ಡಬ್ಬಿ ಕೇಳಲು ಒಳಗೆ ಹೋಗುತ್ತಾನೆ.