ಬಾಸಿಂಗ ಮಾಡಿದ ಕೈ

ದೊಡ್ಡಮ್ಮನ ಎಡಗೈ ಹೆಬ್ಬೆರಳಿನ ತುಂಬ ಚಾಕುವಿನ ಅಡ್ಡಗೆರೆಗಳು, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗುಲಾಬಿ ಬಣ್ಣ. ಕೆರೆಯಲ್ಲಿ ಬೆಳೆದ ಬೆಂಡನ್ನು ಆ ಬೆರಳಿಗೆ ಒತ್ತಿ ಹಿಡಿದು ಚಾಕು ಆಡಿಸಿದರೆ ಕಾಗದಕ್ಕಿಂತ ತೆಳ್ಳಗಿನ ಸುರುಳಿ ಬಿಚ್ಚಿಕೊಳ್ಳುತ್ತಿತ್ತು. ಅದನ್ನೇ ಮಡಚಿ, ಬಣ್ಣ ಹಚ್ಚಿ, ಬೇಗಡೆ ಅಂಟಿಸಿದರೆ ಮದುವೆಯ ಬಾಸಿಂಗ! ನೋಡುತ್ತಾ ಕೂತು ನಾನು ಎಷ್ಟು ಸಲ ಶಾಲೆಗೆ ಎದ್ದುಬಿದ್ದು ಓಡಿದ್ದೇನೋ.

ಐವತ್ತರ ದಶಕದ ಕೊನೆ. ಶಿಕಾರಿಪುರದವಳಾದ ನನಗೆ ಸೊರಬದಲ್ಲಿ ಟೀಚರ್ ಕೆಲಸ ಸಿಕ್ಕಿ, ಅವರ ಮನೆಯ ಮುಂದಿನ ಕೋಣೆಯೇ ಬಿಡಾರವಾಯಿತು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಅವರ ಗಂಡ ಶ್ರೀಗಂಧದ ಕೆತ್ತನೆಯಲ್ಲಿ ದೊಡ್ಡ ಹೆಸರು. ಅರಮನೆಯವರೆಗೆ ಹೋದ ಪೆಟ್ಟಿಗೆಗಳನ್ನು ಮಾಡಿದವರು. ನಾನು ಬರುವ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು. ಬಂದವರು "ಅಂಥ ಕಲಾವಿದರ ಜೊತೆ ಬಾಳಿದಿರಲ್ಲ, ಪುಣ್ಯ" ಎಂದರೆ ದೊಡ್ಡಮ್ಮ ತಲೆಯಾಡಿಸುತ್ತಿದ್ದರು. ಬಂದವರು ಹೊಸಿಲು ದಾಟಿದ ಮೇಲೆ ನಗುತ್ತಿದ್ದರು.

"ಪುಣ್ಯ ಹೌದು ಟೀಚರೇ. ಒಂದು ಪೆಟ್ಟಿಗೆಗೆ ವರ್ಷಗಟ್ಲೆ ಕೂರೋರು. ಆನೆ ಸೊಂಡ್ಲು ಸರಿ ಬರ್ಲಿಲ್ಲ ಅಂತ ಊಟ ಬಿಡೋರು. ಅವರು ಬಿಟ್ಟಿದ್ದು ಸಿಟ್ಟಿಗೆ, ನಾನು ಬಿಟ್ಟಿದ್ದು ಅಕ್ಕಿ ಇಲ್ದೆ!"

ಮೂರು ಹೆತ್ತು ಎರಡನ್ನು ಕಳೆದುಕೊಂಡಿದ್ದರು. ಉಳಿದವಳು ಒಬ್ಬಳೇ ಮಗಳು. ಹಸಿ ಬಾಣಂತಿಯಾಗಿದ್ದಾಗಲೂ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಬೆಂಡು ಕೊಯ್ದವರು. ಆದರೂ ಗಂಡ ಕಡೆಯಲ್ಲಿ ಕೆತ್ತಿದ ಗಿಳಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. "ಮನುಷ್ಯ ಒಳ್ಳೇರು, ಹಟ ಜಾಸ್ತಿ" ಎನ್ನುತ್ತಾ ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದರು.

ಆ ಮನೆಯಲ್ಲೊಂದು ಗುಟ್ಟಿತ್ತು. ಗಂಡ ಸತ್ತವಳು ಮಾಡಿದ ಬಾಸಿಂಗವನ್ನು ಯಾರೂ ಹಣೆಗೆ ಕಟ್ಟಿಕೊಳ್ಳುತ್ತಿರಲಿಲ್ಲ. ಹಾಗಾಗಿ ಮಾಡುವವರು ದೊಡ್ಡಮ್ಮ, ಮಾರುವವಳು ಪಕ್ಕದ ಮನೆಯ ನಾದಿನಿ; ಹೆಸರೂ ಅವಳದೇ. ಬಯಲಾದರೆ ತಾಯಿ ಮಗಳ ಅನ್ನಕ್ಕೆ ಕಲ್ಲು ಬೀಳುತ್ತಿತ್ತು.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ನನಗೋ ಹುರುಪೇ ಹುರುಪು! "ನಿಮ್ಮ ಕೈದೇ ಬೇಕು ದೊಡ್ಡಮ್ಮಾ. ಯಾರಾದ್ರೂ ಕೇಳ್ಲಿ, ನಿಮ್ಮ ಹೆಸರೇ ಹೇಳ್ತೀನಿ, ನೋಡೇಬಿಡಾಣ!" ಎಂದು ಜಂಬ ಕೊಚ್ಚಿದೆ. ಅವರು ಬೆಂಡು ಕೈಗೆತ್ತಿಕೊಂಡರು.

ಮದುವೆಯ ಬೆಳಿಗ್ಗೆ ದೊಡ್ಡಮ್ಮ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಬುಟ್ಟಿಯನ್ನು ತೊಡೆಯಿಂದ ಇಳಿಸದೆ, ನಾದಿನಿಯ ಜೊತೆ ಶಿಕಾರಿಪುರಕ್ಕೆ ಬಂದಿಳಿದರು. ಬುಟ್ಟಿ ಒಪ್ಪಿಸಿ ಹಿಂದೆ ಗೋಡೆಗೊರಗಿ ಕೂತರು. ಬಟ್ಟೆ ಸರಿಸಿದ್ದೇ ತಡ, ಚಪ್ಪರಕ್ಕೆ ಚಪ್ಪರವೇ ಬಾಯಿಬಿಟ್ಟಿತು! ಮೊಗ್ಗಿನ ಸಾಲು, ನಡುವೆ ಎದುರುಬದುರು ನವಿಲು. ವರನ ಸೋದರತ್ತೆ ಮಾತ್ರ ಕಣ್ಣು ಕಿರಿದು ಮಾಡಿದರು.

"ಯಾರ್ರೀ ಮಾಡಿದ್ದಿದು? ಮುತ್ತೈದೆ ಕೈಯಿಂದು ಹೌದಿಲ್ಲೋ? ನಮ್ಮ ಮಗನ ಮದುವಿಗೆ ಇದೇ ಸೊರಬದ ಹೆಣ್ಣುಮಗಳ ಹತ್ರ ಕೇಳೇ ತಂದಿದ್ವಿ" ಎಂದು ನಾದಿನಿಯತ್ತ ಕೈ ತೋರಿಸಿ ನನ್ನ ಮುಖ ನೋಡಿದರು.

ನಾದಿನಿ ನೆಲ ನೋಡಿದಳು. ನಾನೂ ಅವಳತ್ತಲೇ ತಿರುಗಿದೆ. ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಮ್ಮ ಎದ್ದು ಮುಂದೆ ಬಂದೇಬಿಟ್ಟರು.

"ನಾನು ಮಾಡಿದ್ದು ಕಣ್ರೀ, ಗಂಡ ಇಲ್ದೋಳು. ನಿಮ್ಮ ಮಗನ ಮದುವೇದೂ ನಂದೇ. ಅವರಿದ್ದಾಗ ಎಲ್ಲಾ ಅವರ ಹೆಸರು, ಹೋದ್ಮೇಲೆ ಇವಳ ಹೆಸರು. ಸಾಕಾಯ್ತು ನಂಗೆ."

ಆ ಮದುವೆಯಲ್ಲಿ ಬಾಸಿಂಗ ಕಟ್ಟಿಕೊಂಡಿದ್ದ ಸೋದರತ್ತೆಯ ಸೊಸೆ ಅಲ್ಲೇ ನಿಂತಿದ್ದಳು, ಕಂಕುಳಲ್ಲಿ ಗುಂಡುಗುಂಡಗಿನ ಕೂಸು! ಸೋದರತ್ತೆ ಕೂಸನ್ನು ನೋಡಿದರು, ಬಾಸಿಂಗ ನೋಡಿದರು, ಮತ್ತೆ ಕೂಸನ್ನು ನೋಡಿದರು.

"ಕಟ್ರಿ ಮತ್ತ! ಏನ್ ನೋಡ್ತೀರಿ, ಮುಹೂರ್ತ ಮೀರ್ತದ" ಎಂದು ಎಲ್ಲರ ಮೇಲೂ ರೇಗಿದರು. ನನಗೆ ಕುಣಿಯುವಷ್ಟು ಖುಷಿ!

ಆ ವರ್ಷ ಕೆಲವು ಮನೆಗಳು ದೊಡ್ಡಮ್ಮನ ಬಾಸಿಂಗ ಬಿಟ್ಟವು; ಕೆಲವರು ಅವರನ್ನೇ ಹುಡುಕಿಕೊಂಡು ಬಂದರು. ಹೇಗೋ ತೂಗಿಸಿ ಮಗಳ ಮದುವೆ ಮಾಡಿದರು.

ಅವರು ತೀರಿಕೊಳ್ಳುವ ಹಿಂದಿನ ವಾರ ನೋಡಲು ಹೋಗಿದ್ದೆ. ವರ್ಷಗಳಿಂದ ಒಳಗೇ ಕೊರೆಯುತ್ತಿದ್ದುದನ್ನು ಹೇಳಿಬಿಟ್ಟೆ. "ಅವತ್ತು ನಾನು ನಾದಿನಿ ಹೆಸರೇ ಹೇಳೋಳಿದ್ದೆ ದೊಡ್ಡಮ್ಮಾ."

ಆ ಗೆರೆಬಿದ್ದ ಹೆಬ್ಬೆರಳಿನಿಂದ ನನ್ನ ಕೈ ಒತ್ತಿದರು.

"ನಿಮ್ಮ ಮುಖ ನೋಡೇ ಗೊತ್ತಾತು ಟೀಚರೇ. ಮದುವೆ ದಿನ ನಿಮ್ಮ ಬಾಯಲ್ಲಿ ಸುಳ್ಳು ಬರೋದು ಬ್ಯಾಡ ಅಂತ್ಲೇ ಎದ್ದೆ."