ಸಾತುರ್ನಿನಾ ತುಂಬಿದ ನಲವತ್ತು ಚೀಲ

ನಮ್ಮ ಗಣಿಯೂರು ಕಾಂತುಪಾತಾದ ಕಲ್ಲುರಾಶಿಯನ್ನು ನುಂಗಿದ್ದು ಸರ್ಕಾರವಲ್ಲ, ಸಾತುರ್ನಿನಾ ಕೋಲ್ಕೆ ಎಂದು ಊರು ಆಡಿಕೊಳ್ಳುತ್ತದೆ. ನಾನೂ ಒಂದು ತಿಂಗಳು ಹಾಗೇ ಆಡಿದೆ, ಅವಳ ಜೊತೆ ಮಾತು ಬಿಟ್ಟೆ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಕಲ್ಲು ಒಡೆದವಳು ನಾನು, ನನಗಾದರೂ ಬುದ್ಧಿ ಇರಬೇಕಿತ್ತು.

ಗಂಡ ಗಣಿಯೊಳಗೆ ಸತ್ತಾಗ ಅವಳಿಗೆ ಇಪ್ಪತ್ತೆರಡು. ನಮ್ಮ ಕಡೆ ಗಣಿಯ ವಿಧವೆಗೆ ಸಿಗುವುದು ಎರಡೇ: ಒಂದಿಷ್ಟು ಸಂತಾಪ, ಗಣಿಯವರು ಬೇಡವೆಂದು ಸುರಿದ ರಾಶಿಯಲ್ಲಿ ಹತ್ತು ಮಾರು ಜಾಗ. ಅಲ್ಲಿ ಕೂತು ಕಲ್ಲು ಒಡೆದು, ತವರ ಇದ್ದದ್ದನ್ನು ಇಟ್ಟುಕೊಂಡು ಇಲ್ಲದ್ದನ್ನು ಎಸೆಯಬೇಕು. ನಮ್ಮನ್ನು ಪಾಲಿರಿಗಳು ಎನ್ನುತ್ತಾರೆ, ಆರಿಸುವವರು ಅಂತ. ಮೂವತ್ತೆಂಟು ವರ್ಷದಲ್ಲಿ ಸಾತುರ್ನಿನಾಳಷ್ಟು ಚೆನ್ನಾಗಿ ಆರಿಸಿದವರಿಲ್ಲ. ತವರದ ಕಲ್ಲು ಭಾರ. ಅವಳು ಕಣ್ಣು ಹಾಯಿಸುತ್ತಲೂ ಇರಲಿಲ್ಲ. ಕೋಕಾ ಎಲೆ ಜಗಿಯುತ್ತ, ಯಾರ ಮನೆ ಸೊಸೆ ಏನೆಂದಳೋ ಹೇಳುತ್ತಿದ್ದರೆ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಹೋದ ವರ್ಷ ಸರ್ಕಾರದ ಆದೇಶ ಬಂತು. ರಾಶಿಯಿಂದ ಇಳಿಯುವ ಕೆಂಪು ನೀರು ಹೊಳೆಯನ್ನು ಕೆಡಿಸುತ್ತಿದೆ, ಆಗಸ್ಟ್ ಮುಗಿಯುವುದರೊಳಗೆ ಬೇರೆ ದಾರಿ ತೋರಿಸದಿದ್ದರೆ ಜೇಡಿಮಣ್ಣು ಹೊದಿಸಿ ಮುಚ್ಚುತ್ತೇವೆ ಎಂದು. ಮುಚ್ಚಿದರೆ ನಾವು ಮೂವತ್ತೊಂದು ಹೆಂಗಸರು ಬೀದಿಗೆ.

ಆಗ ಬಂದವಳು ವಿವಿಯಾನಾ ಅರ್ಸೆ, ಸರ್ಕಾರ ಕೂರುವ ಲಾಪಾಸ್ ಪಟ್ಟಣದ ಒಂದು ಇಂಜಿನಿಯರಿಂಗ್ ಸಲಹಾ ಸಂಸ್ಥೆಯವಳು. ಅವಳ ಯೋಜನೆ ಬೇರೆ. ರಾಶಿಯನ್ನು ಮುಚ್ಚುವುದು ಬೇಡ, ತುಂಡು ತುಂಡಾಗಿ ತೊಳೆಯೋಣ. ತವರ ಸಿಗುತ್ತದೆ, ಫೋನಿನ ಗಾಜಿಗೆ ಹಾಕುವ ಇಂಡಿಯಂ ಸಿಗುತ್ತದೆ, ನೀರು ಕೆಡುವುದು ನಿಲ್ಲುತ್ತದೆ, ಕಲ್ಲು ಆರಿಸುವ ಕೆಲಸ ನಮಗೇ. ಹಣ ಹಾಕಲು ಹೊರದೇಶದ ಬ್ಯಾಂಕೊಂದು ತಯಾರಿತ್ತು. ನೂರು ಕಿಲೋ ಕಲ್ಲಿನಲ್ಲಿ ಅರ್ಧ ಕಿಲೋ ತವರವಾದರೂ ಇರಬೇಕು, ಅಷ್ಟೇ ಅವರ ಷರತ್ತು.

ಅದನ್ನು ತಿಳಿಯಲು ನಲವತ್ತು ಗುಂಡಿ ತೋಡಿ ನಲವತ್ತು ಚೀಲ ಕಲ್ಲನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಚೀಲ ತುಂಬಲು ಎಲ್ಲರೂ ಸಾತುರ್ನಿನಾಳ ಹೆಸರನ್ನೇ ಹೇಳಿದೆವು. ಭೂಮಿತಾಯಿಗೆ ಸಾರಾಯಿ ಚೆಲ್ಲಿ, ಎಲೆ ಇಟ್ಟು ಕೆಲಸ ಶುರುವಾಯಿತು.

“ಆರಿಸ್ಬೇಡಿ ಅಮ್ಮಾ. ಬಂದಿದ್ದು ಬಂದ ಹಾಗೇ ತುಂಬಿ,” ಎಂದಳು ವಿವಿಯಾನಾ.

“ಅಯ್ಯೋ ನನ್ನ ತಾಯಿ, ನೀನು ಹುಟ್ಟೋಕೆ ಮುಂಚಿಂದ ಚೀಲ ತುಂಬ್ತಿದೀನಿ. ಅದಕ್ಕೂ ಪಾಠ ಬೇಕಾ?”

ವಿವಿಯಾನಾ ನಕ್ಕು, ಗುಂಡಿಗಳ ಅಳತೆ ಬರೆದುಕೊಳ್ಳಲು ಮೇಲಕ್ಕೆ ಹೋದಳು. ಹನ್ನೆರಡು ದಿನ ಸಾತುರ್ನಿನಾ ಒಬ್ಬಳೇ ತುಂಬಿದಳು.

ಒರೂರೋ ಪಟ್ಟಣದ ಪ್ರಯೋಗಾಲಯದಿಂದ ಉತ್ತರ ಬಂತು: ನೂರು ಕಿಲೋಗೆ ಒಂದು ಕಿಲೋ ನೂರು ಗ್ರಾಂ! ನಾವು ಲಾಮಾ ಕೊಯ್ದು ಉಂಡೆವು, ಕುಣಿದೆವು. ವಿವಿಯಾನಾ ಮಾತ್ರ ತಟ್ಟೆ ಮುಟ್ಟಲಿಲ್ಲ. “ಒಮ್ಮೆ ಗಣಿಯವರೇ ಹಿಂಡಿ ಬಿಸಾಕಿದ ಕಲ್ಲು. ಇಷ್ಟಿರೋಕೆ ಸಾಧ್ಯ ಇಲ್ಲ,” ಎಂದಳು. ಹೊಟ್ಟೆಕಿಚ್ಚಿನವಳು ಎಂದು ನಾನು ಬೈದುಕೊಂಡೆ.

ಅವಳು ಯಂತ್ರ ತರಿಸಿ ಹಳೆಯ ಗುಂಡಿಗಳ ಪಕ್ಕದಲ್ಲೇ ಮೂರು ಕಡೆ ಕೊರೆಸಿದಳು. ಆಗಸ್ಟ್ ಮೊದಲ ವಾರ ಅದರ ಫಲಿತಾಂಶ ಹಿಡಿದು ಬಂದು ನಮ್ಮನ್ನೆಲ್ಲ ರಾಶಿಯ ಮೇಲೆ ಸೇರಿಸಿದಳು.

“ಅಮ್ಮಾ, ಬೇರೆ ಕಡೆಯಿಂದ ಒಳ್ಳೇ ಕಲ್ಲು ತಂದು ಹಾಕಿದ್ರಾ?”

“ನಾನಾ? ಒಂದು ಕಲ್ಲು ಹಾಕಿದ್ರೆ ನನ್ನ ಕೈ ಸೇದಿಹೋಗ್ಲಿ!”

“ಹಾಗಾದ್ರೆ ಅವತ್ತು ತುಂಬಿದ ಹಾಗೇ ಇನ್ನೊಂದು ಚೀಲ ತುಂಬಿ ತೋರಿಸಿ.”

ಸಾತುರ್ನಿನಾ ಲಂಗ ಹರಡಿ ಕೂತಳು. ನಮ್ಮ ಮುಖ ನೋಡುತ್ತ, ಇಂಜಿನಿಯರಮ್ಮನನ್ನು ಬೈಯುತ್ತ ತುಂಬತೊಡಗಿದಳು. ಅವಳ ಎಡಗೈ ಒಂದು ಕಲ್ಲನ್ನು ಹಿಂದಕ್ಕೆ ಎಸೆಯಿತು. ಇನ್ನೊಂದು. ಮತ್ತೆ ಎರಡು. ಅವಳಿಗೆ ಗೊತ್ತೇ ಇರಲಿಲ್ಲ. ನಮಗೆಲ್ಲ ಕಾಣುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಇದು ಹುಟ್ಟುಗುಣವೂ ಅಲ್ಲ, ಹೊಟ್ಟೆ ಕಲಿಸಿದ್ದು. ನಮ್ಮ ಕಣ್ಣೆಲ್ಲ ತನ್ನ ಬೆನ್ನ ಹಿಂದೆ ನೆಟ್ಟಿದ್ದು ಕಂಡು ಅವಳು ತಿರುಗಿ, ಅಲ್ಲಿ ಬಿದ್ದಿದ್ದ ಗುಪ್ಪೆ ನೋಡಿದಳು.

“ಅದು ಕಸ ಅಲ್ವೇನ್ರೇ,” ಎಂದಳು ಮೆಲ್ಲಗೆ. “ಕಸಾನ ಯಾರಾದ್ರೂ ಚೀಲಕ್ಕೆ ಹಾಕ್ತಾರಾ?”

ನನಗೆ ತಡೆಯಲಾಗಲಿಲ್ಲ. “ಸರಿಯಾದ ಲೆಕ್ಕ ಎಷ್ಟು ಹೇಳಿಬಿಡು ತಾಯಿ,” ಎಂದೆ.

ವಿವಿಯಾನಾ ಅಳುತ್ತಿದ್ದಳು. “ಅರ್ಧ ಕಿಲೋ ಮೇಲೆ ಅರವತ್ತು ಗ್ರಾಂ. ಸಾಕಾಗ್ತಿತ್ತು. ಆದ್ರೆ ಮೂರು ತೂತು ನೋಡಿ ಬ್ಯಾಂಕ್ ಒಪ್ಪಲ್ಲ, ನಲವತ್ತೂ ಬೇಕು. ಮತ್ತೆ ತೋಡಿ ಪರೀಕ್ಷೆ ಮಾಡಿಸೋಕೆ ಐದು ತಿಂಗಳು, ಗಡುವು ಈ ತಿಂಗಳೇ. ಚೀಲದ ಕಲ್ಲು ಯಾರೂ ಆರಿಸಿಲ್ಲ ಅಂತ ನಾನು ಸಹಿ ಹಾಕ್ಬೇಕು. ಹೇಗೆ ಹಾಕ್ಲಿ?”

“ಹಾಕು! ಯಾರಿಗೆ ಗೊತ್ತಾಗುತ್ತೆ?” ಎಂದು ಕಿರುಚಿದೆ.

“ಒಂದು ಕಿಲೋ ಅಂತ ನಂಬಿ ಯಂತ್ರ ಕಟ್ತಾರೆ ಅಕ್ಕಾ. ಸಿಗದೆ ಹೋದ್ರೆ ಅರ್ಧ ತೊಳೆದ ರಾಶಿ ಬಿಟ್ಟು ಓಡ್ತಾರೆ. ಆಗ ಕೆಳಗಿನೂರಿಗೆ ಕುಡಿಯೋ ನೀರೂ ಇರಲ್ಲ.”

ಆದೇಶ ಮುಂದೂಡಲು ಅವಳು ಮೂರು ಸಲ ಲಾಪಾಸಿಗೆ ಅರ್ಜಿ ಹಾಕಿದಳು. ಯಾರೂ ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಜೇಡಿಮಣ್ಣಿನ ಲಾರಿಗಳು ಬಂದವು. ನಮ್ಮಲ್ಲಿ ಕೆಲವರು ಒರೂರೋಗೆ ಪಾತ್ರೆ ತೊಳೆಯಲು ಹೋದರು, ಕೆಲವರು ಎಲ್ಲಿದ್ದಾರೋ ಗೊತ್ತಿಲ್ಲ.

ಹೊದಿಸುವ ಮಣ್ಣಿನಲ್ಲಿ ಕಲ್ಲು ಇರಬಾರದಂತೆ. ಅದನ್ನು ಹೆಕ್ಕಲು ಎರಡು ತಿಂಗಳಿಗೆ ನಾಲ್ಕು ಹೆಂಗಸರು ಬೇಕಾಗಿದ್ದರು. ಹೋದರೆ ಸಾತುರ್ನಿನಾ ಮೊದಲೇ ಅಲ್ಲಿದ್ದಳು. ತನ್ನ ಹತ್ತು ಮಾರು ಜಾಗದ ಮೇಲೆಯೇ ಮಂಡಿಯೂರಿ ಮಣ್ಣು ಕೆದಕುತ್ತಿದ್ದಳು. ಒಂದು ತಿಂಗಳಿಂದ ಮಾತು ಬಿಟ್ಟವಳು ನಾನು, ಅಂದೇ ಮತ್ತೆ ಆಡಿದೆ.

“ಇದನ್ನ ಹೇಗೆ ಮಾಡ್ತೀಯೇ? ನಿನ್ನ ಕೈಯಾರೆ?”

ಅವಳು ತಲೆ ಎತ್ತಲಿಲ್ಲ. “ಒಂದು ಕಲ್ಲು ಉಳಿದ್ರೂ ನೀರು ಒಳಗೆ ಇಳಿಯುತ್ತಂತೆ ಕಣೇ. ಬಾ, ಆ ಕಡೆಯಿಂದ ಹೆಕ್ಕು.”

ನಾನು ಅವಳ ಪಕ್ಕ ಕೂತು ಹೆಕ್ಕತೊಡಗಿದೆ. ನಮ್ಮಿಬ್ಬರಷ್ಟು ಚೊಕ್ಕವಾಗಿ ಯಾರೂ ಮಾಡುವುದಿಲ್ಲ ಎಂದು ಮೇಸ್ತ್ರಿ ಸಂಜೆ ಹೊಗಳಿದ.