ತಾತನ ಹೆಗಲ ಮೇಲಿನ ಬಿಳಿ ಬಟ್ಟೆ

ಪುಟ್ಟೀ, ಮರೀ, ಫೋಟೋದಲ್ಲಿ ನಿಮ್ಮ ತಾತ ಹಿಡಿದಿರುವ ಬಂದೂಕು ಅವರದಲ್ಲ. ಇದು ಈಗ ನಿಮಗೂ ಗೊತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಮೊದಲು ನಾನು ಎಷ್ಟು ದಿನ ಒದ್ದಾಡಿದೆ ಎಂಬುದು ಗೊತ್ತಿಲ್ಲ. ಎದುರಿಗೆ ಕೂರಿಸಿಕೊಂಡು ಹೇಳೋಣವೆಂದರೆ ನನಗೆ ಆಗುವುದಿಲ್ಲ. ನೀವು ಮುಖ ನೋಡಿದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಓದಲು ತಡವರಿಸಿದರೆ ಅಮ್ಮನಿಂದ ಓದಿಸಿಕೊಳ್ಳಿ.

ನಿಮ್ಮ ತಾತ ಮಿಲಿಟರಿಯಲ್ಲಿದ್ದದ್ದು ನಿಜ. ಅಲ್ಲಿ ಅವರು ಅಡಿಗೆಯವರು. ಇದು ಊರಿನಲ್ಲಿ ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು. ನಿಮ್ಮಮ್ಮನಿಗೆ ನಾಲ್ಕು ವರ್ಷವಾಗಿದ್ದಾಗ ಅವರು ಕಾಮಾಲೆಯಿಂದ ತೀರಿಹೋದರು. ಅವಳಿಗೂ ನಾನು ಹೇಳಲಿಲ್ಲ. ಅವಳು ಆ ಒಂದು ಫೋಟೋ ನೋಡಿಕೊಂಡು ಬೆಳೆದಳು. ಹಿಂದೆ ಬ್ಯಾರಕ್ಕಿನ ಗೋಡೆ, ಕಣ್ಣಿಗೆ ಹೊಡೆಯುವ ಬಿಸಿಲು, ಎದೆಗೆ ಅಡ್ಡವಾಗಿ ಬಂದೂಕು, ನಗಲೋ ಬೇಡವೋ ಎಂಬಂಥ ಮುಖ.

ಈ ವರ್ಷ ನಿಮ್ಮಪ್ಪ ಆ ಬಂದೂಕಿನಂಥದ್ದನ್ನೇ ಹೊಸದಾಗಿ ಜೋಡಿಸುತ್ತೇನೆಂದು ಹೊರಟರು. ಇಲ್ಲಿ ಅಮೆರಿಕದಲ್ಲಿ ಹಳೆಯ ಮಿಲಿಟರಿ ಸಾಮಾನು ಕೂಡಿಸುವವರ ಗುಂಪೊಂದಿದೆಯಲ್ಲ, ಅವರು ಲಿವರ್‌ಮೋರಿನಲ್ಲಿ ಒಂದು ಪ್ರದರ್ಶನ ಇಟ್ಟುಕೊಂಡಿದ್ದರು. ಹಳೆಯ ಭಾಗಗಳನ್ನು ತರಿಸಿ, ಗುಂಡು ಹಾರದಂತೆ ಒಳಗೆ ಗಟ್ಟಿ ಕಬ್ಬಿಣದ ತುಂಡು ಕೂರಿಸಿದ, ಬರೀ ನೋಟಕ್ಕಿರುವ ಬಂದೂಕು. ಅದನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಫೋಟೋ, ಗಡಿ ಕಾದ ಸೈನಿಕ ಎಂದು ಬರೆದ ಕಾರ್ಡು ಇಟ್ಟು, ಪುಟ್ಟಿ ನಿಂತು ತಾತನ ಕತೆ ಹೇಳಬೇಕು ಎಂದು ಮಾತಾಯಿತು. ನಾನು ಹೇಳಿದ ಸುಳ್ಳನ್ನು ಹನ್ನೊಂದು ವರ್ಷದ ಮಗು ನಾಲ್ಕು ಜನರ ಮುಂದೆ ಹೇಳಬೇಕಾಗಿತ್ತು.

ಬಂದೂಕು ಜೋಡಿಸುವುದು ಬೇಗ ಮುಗಿಯಿತು. ಮುಗಿಯದೇ ಹೋದದ್ದು ಅದರ ಮೇಲಿನ ಒಡವೆ. ಮೊದಲು ಬಂದ ಹಿಡಿ ಕಪ್ಪು ಪ್ಲಾಸ್ಟಿಕ್ಕಿನದು, ತಾತನ ಕಾಲದ್ದು ಮರದ್ದು ಎಂದು ವಾಪಸು ಹೋಯಿತು. ಹೆಗಲಪಟ್ಟಿ ಮೂರು ಸಲ ಬಂತು. ಗ್ಯಾರೇಜಿನ ಮೇಜಿನ ಮೇಲೆ ಮೂರನ್ನೂ ಹಾವಿನ ಹಾಗೆ ಉದ್ದಕ್ಕೆ ಚಾಚಿ, ಲ್ಯಾಪ್‌ಟಾಪಿನಲ್ಲಿ ಫೋಟೋ ದೊಡ್ಡದು ಮಾಡಿಕೊಂಡು ನಿಮ್ಮಪ್ಪ ಕೂತಿರುತ್ತಿದ್ದರು.

"ಇದು ನೈಲಾನು, ಆಮೇಲೆ ಬಂದಿದ್ದು. ಮಾವ ಇದ್ದಾಗ ಕಾಟನ್ನೇ. ಪೀರಿಯಡ್ ಕರೆಕ್ಟ್ ಇರ್ಬೇಕು," ಎಂದರು ಒಂದು ದಿನ.

"ಮದ್ವೆ ಶರ್ಟು ಆರಿಸೋಕೂ ಇಷ್ಟು ತಲೆ ಕೆಡಿಸ್ಕೊಂಡಿರ್ಲಿಲ್ಲ ನೀವು," ಎಂದಳು ನಿಮ್ಮಮ್ಮ.

"ಶರ್ಟನ್ನ ಯಾರೂ ಝೂಮ್ ಮಾಡಿ ನೋಡಲ್ಲ ಕಣೇ. ಅಲ್ಲಿ ಬರೋ ಮುದುಕ್ರು ಬಕಲ್ ನೋಡೇ ವರ್ಷ ಹೇಳ್ತಾರೆ."

ಅವಳು ಹಾಗೆ ಹಾಸ್ಯ ಮಾಡಿದರೂ ದಿನಕ್ಕೆ ಎರಡು ಸಲ ಗ್ಯಾರೇಜಿಗೆ ಹೋಗಿ ಆ ಮರದ ಹಿಡಿಯನ್ನು ಸವರಿ ಬರುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನಾನು ಒಳಗೆ ಹೋಗಿ ಮಡಿಸಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಒರೆಸಿದ ಸ್ಟೌವನ್ನೇ ಒರೆಸುತ್ತಿದ್ದೆ. ಮನೆ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೋಗುತ್ತಿದ್ದವಳು ಮೂರು ಸುತ್ತು ಹೋಗತೊಡಗಿದೆ. ಎದುರು ಮನೆಯಾಕೆ ಕೈಬೀಸಿ ಏನೋ ಕೇಳಿದರೆ ತಲೆಯಾಡಿಸಿ ಇನ್ನೂ ಜೋರಾಗಿ ನಡೆಯುತ್ತಿದ್ದೆ.

ಪುಟ್ಟೀ, ನೀನೊಂದು ಸಂಜೆ ಊಟಕ್ಕೆ ಕೂತು ಕೇಳಿದೆ, "ಅಜ್ಜಿ, ಡಿಡ್ ತಾತ ಶೂಟ್ ಎನಿಬಡಿ? ಯಾರಾದ್ರೂ ಕೇಳಿದ್ರೆ ನಾನ್ ಏನ್ ಹೇಳ್ಲಿ?"

"ತಣ್ಣಗಾಯ್ತದೆ, ಉಣ್ಣು ಮಗ," ಎಂದುಬಿಟ್ಟೆ.

ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತನಾಡುವುದಿಲ್ಲ, ಬಾಗಿಲ ಮರೆಯಿಂದ ಎಷ್ಟು ಬೇಕೋ ಅಷ್ಟು. ಈ ಮನೆಯ ಅಡಿಗೆಮನೆಗೆ ಬಾಗಿಲೇ ಇಲ್ಲ, ಹಾಗಾಗಿ ನನಗೆ ಫ್ರಿಜ್ಜೇ ಮರೆ. ನಿಮ್ಮಪ್ಪ ಎಷ್ಟು ಒಳ್ಳೆಯವರಾದರೂ ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಇನ್ನು ನಿಮ್ಮಮ್ಮನಿಗೆ ಹೇಳುವುದಂತೂ ಅದಕ್ಕಿಂತ ಕಷ್ಟ. ಅವಳು ಸ್ಕೂಲಿನಲ್ಲಿ ಆ ಫೋಟೋ ತೋರಿಸಿಯೇ ತಲೆಯೆತ್ತಿ ಓಡಾಡಿದವಳು.

ಕೊನೆಗೆ ಉಳಿದದ್ದು ಬಿಳಿ ಬಟ್ಟೆ. ಫೋಟೋದಲ್ಲಿ ತಾತನ ಎಡ ಹೆಗಲ ಮೇಲೆ, ಬಂದೂಕಿನ ಪಟ್ಟಿಯ ಹಿಂದೆ ಅರ್ಧ ಮುಚ್ಚಿಹೋದ ಹಾಗೆ ಒಂದು ಬಿಳಿ ಬಟ್ಟೆಯಿದೆ. ಅದು ಯಾವ ರೆಜಿಮೆಂಟಿನ ಯಾವ ಸಾಮಾನು ಎಂದು ನಿಮ್ಮಪ್ಪ ಅಮೆರಿಕದವರನ್ನೂ ಇಂಗ್ಲೆಂಡಿನವರನ್ನೂ ಕಂಪ್ಯೂಟರಿನಲ್ಲಿ ಕೇಳಿದರು. ಬಂದೂಕಿನ ನಳಿಗೆ ಒರೆಸುವ ಬಟ್ಟೆ ಎಂದ ಒಬ್ಬ. ಮರುಭೂಮಿಯಲ್ಲಿ ಮುಖಕ್ಕೆ ಸುತ್ತಿಕೊಳ್ಳುವುದು ಎಂದ ಇನ್ನೊಬ್ಬ. ಪರೇಡಿನಲ್ಲಿ ಬಹುಮಾನ ಬಂದವರಿಗೆ ಹಾಕುವುದು ಎಂದು ಮೂರನೆಯವನು ಪ್ರಮಾಣ ಮಾಡಿದ. ಇದನ್ನೆಲ್ಲ ಊಟದ ಹೊತ್ತಿಗೆ ಕೇಳುತ್ತ ಫ್ರಿಜ್ಜಿನ ಹಿಂದೆ ನಿಂತು ಮರುದಿನದ ಸೊಪ್ಪು ಬಿಡಿಸುತ್ತಿದ್ದೆ.

ಪ್ರದರ್ಶನಕ್ಕೆ ಮೂರು ದಿನವಿದ್ದಾಗ ಮಧ್ಯಾಹ್ನ ವಾಕಿಂಗ್ ಮುಗಿಸಿ ಬಂದೆ. ನಿಮ್ಮಪ್ಪ ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನ. ಸ್ಟೌವಿನ ಮೇಲೆ ನನ್ನ ಟೀ ಪಾತ್ರೆ, ಅದರೊಳಗೆ ಕಪ್ಪು ಡಿಕಾಕ್ಷನ್ನು, ಡಿಕಾಕ್ಷನ್ನಿನೊಳಗೆ ತರಿಸಿದ ಹೊಸ ಬಟ್ಟೆ. ಇಕ್ಕಳದಿಂದ ಮೇಲೆ ಕೆಳಗೆ ಆಡಿಸುತ್ತಿದ್ದರು. ಟೀಯಲ್ಲಿ ಅದ್ದಿದರೆ ಬಟ್ಟೆಗೆ ಹಳೆಯ ಬಣ್ಣ ಬರುತ್ತದಂತೆ.

"ಅದು ಅಡಿಗೆ ಬಟ್ಟೆ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ಅಯ್ಯೋ ಸಾರಿ ಅತ್ತೆ, ನಿಮ್ಮದು ತೊಗೊಂಡಿಲ್ಲ, ಇದು ಇವತ್ತು ಪಾರ್ಸಲ್ಲಲ್ಲಿ ಬಂದಿದ್ದು. ಪಾತ್ರೆ ನಾನೇ ತೊಳ್ದಿಡ್ತೀನಿ."

"ಇದಲ್ಲ. ಫೋಟೋದಾಗಿರೋದು. ಅವರು ಬಿಸಿ ಪಾತ್ರೆ ಇಳ್ಸೋಕೆ ಹೆಗಲ ಮ್ಯಾಲೆ ಹಾಕ್ಕತಿದ್ದ ಬಟ್ಟೆ. ತೆಗೆಯಾದ ಮರ್ತು ಹಂಗೇ ನಿಂತವ್ರೆ. ಅವರು ಅಡಿಗೆಯೋರು, ಅಳಿಯಂದ್ರೇ."

ಅಷ್ಟು ಹೊತ್ತಿಗೆ ನಿಮ್ಮಮ್ಮ ಲಾಂಡ್ರಿ ಬುಟ್ಟಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ನಾನು ನೋಡಿರಲಿಲ್ಲ. ನೋಡಿದ ಮೇಲೆ ನಿಲ್ಲಿಸಲು ಬರಲಿಲ್ಲ, ಉಳಿದದ್ದನ್ನೂ ಹೇಳಿದೆ.

ಮದುವೆಯಾದ ಹೊಸತರಲ್ಲಿ ಹಿಟ್ಟಿನ ಗಿರಣಿ ಮುಂದೆ ಸಾಲಿನಲ್ಲಿ ಕೂತಿದ್ದಾಗ ಹೆಂಗಸರು, "ನಿನ್ ಗಂಡ ಮಿಲ್ಟ್ರೀಲಿ ಏನ್ ಮಾಡ್ತಾನಮ್ಮಿ?" ಎಂದು ಕೇಳಿದ್ದರು. ಸೌಟು ಹಿಡಿಯುತ್ತಾರೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ. "ಬಂದೂಕ ಹಿಡ್ಕೊಂಡು ಗಡಿ ಕಾಯ್ತಾರೆ," ಎಂದೆ. ಒಂದು ಸಲ ಹೇಳಿದ್ದು ಊರೆಲ್ಲ ಆಯಿತು. ನಿಮ್ಮ ತಾತ ರಜಕ್ಕೆ ಬಂದಾಗ ಜನ ಯುದ್ಧದ ಸುದ್ದಿ ಕೇಳಿದರು. ಅವರಿಗೆ ತಮ್ಮ ಕೆಲಸದ ಬಗ್ಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ, ಆದರೆ ನನ್ನ ಮುಖ ನೋಡಿ ಸುಮ್ಮನಾದರು. ವಾಪಸು ಹೋದ ಮೇಲೆ ಆ ಫೋಟೋ ಕಳಿಸಿದರು. ಜೊತೆಯಲ್ಲಿದ್ದ ಕಾಗದದಲ್ಲಿ ಹೀಗಿತ್ತು: ಪಹರೆಯಲ್ಲಿದ್ದ ಗೆಳೆಯನ ಬಂದೂಕು ಎರಡು ನಿಮಿಷಕ್ಕೆ ಈಸಿಕೊಂಡೆ, ನೀನು ಊರಿಗೆ ಹೇಳಿದ್ದು ಸುಳ್ಳಾಗಬಾರದಲ್ಲ, ತೋರಿಸು. ಬಹಳ ಭಾರ, ನನ್ನ ಸೌಟೇ ವಾಸಿ. ಇದರ ಗಡಿಬಿಡಿಯಲ್ಲಿ ಎರಡು ಚಪಾತಿ ಸೀದುಹೋದವು.

ಹೇಳಿ ಮುಗಿಸಿದಾಗ ಸ್ಟೌವಿನ ಮೇಲೆ ಟೀ ಉಕ್ಕಿ ಚೆಲ್ಲಿತ್ತು. ಯಾರೂ ಆರಿಸಲಿಲ್ಲ.

"ಅಪ್ಪ ಅಡಿಗೆ ಮಾಡ್ತಿದ್ರು ಅಂದ್ರೆ ನಂಗ್ ನಾಚ್ಕೆ ಆಗ್ತಿತ್ತಾ ಅವ್ವ?" ಎಂದಳು ನಿಮ್ಮಮ್ಮ. "ನಾಚ್ಕೆ ಆಗಿದ್ದು ನಿಂಗೆ. ಇಷ್ಟು ವರ್ಷ ನಾನು ಯಾರ್ದೋ ಬಂದೂಕು ನೋಡ್ಕೊಂಡು ಬೆಳ್ದೆ." ಬುಟ್ಟಿಯನ್ನು ಅಲ್ಲೇ ಇಟ್ಟು ಮೇಲೆ ಹೋದಳು. ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಿಮ್ಮಪ್ಪ ಇಕ್ಕಳ ಹಿಡಿದೇ ಯೋಚಿಸುತ್ತ ನಿಂತಿದ್ದವರು, "ಅತ್ತೆ, ಆ ಗೆಳೆಯರು ಅದೇ ಯೂನಿಟ್ಟಿನವರಾ?" ಎಂದರು.

"ಊಂ. ಕಾವಲಿಗೆ ನಿಂತಿದ್ದೋರು."

"ಅಬ್ಬ. ಹಾಗಾದ್ರೆ ಪಟ್ಟಿ, ಬಕಲ್ ಎಲ್ಲಾ ಕರೆಕ್ಟೇ. ಕಾರ್ಡು ಒಂದೇ ತಪ್ಪು."

ಆ ಸಂಕಟದಲ್ಲೂ ನನಗೆ ನಗು ಬಂತು. ಸೆರಗು ಬಾಯಿಗಿಟ್ಟುಕೊಂಡು ಫ್ರಿಜ್ಜಿನ ಹಿಂದೆ ಸರಿದೆ. ಸಂಜೆ ಅವರು ನಿಮ್ಮಿಬ್ಬರಿಗೂ ವಿಷಯ ತಿಳಿಸಿ, ಮೇಜಿಗಾಗಿ ತರಿಸಿದ್ದ ಬಯೋನೆಟ್ಟು, ಗುಂಡಿನ ಚೀಲ ಎಲ್ಲವನ್ನೂ ವಾಪಸು ಡಬ್ಬಕ್ಕೆ ಹಾಕಿದರು. ಟೀ ಬಣ್ಣದ ಬಟ್ಟೆ ತಂದು, "ಇದು ಇರ್ಲಾ?" ಎಂದು ಕೇಳಿದರು. ನಿಮ್ಮ ತಾತ ಅಡಿಗೆ ಬಟ್ಟೆಯನ್ನು ದಿನವೂ ಸೋಡಾ ಹಾಕಿ ಕುದಿಸಿ ಒಗೆಯುತ್ತಿದ್ದರು. ಕೊಳೆ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬೇಡವೆಂದು ತಲೆಯಾಡಿಸಿ, ಮೊಸರು ಸೋಸಲು ಇಟ್ಟುಕೊಂಡಿದ್ದ ಹಳೆಯ ಪಂಚೆಯ ತುಂಡನ್ನು ಅಂಚು ಹೊಲಿದು, ಬೆಳ್ಳಗೆ ಒಗೆದು ಕೊಟ್ಟೆ. ಅವರು ಅದನ್ನು ಫೋಟೋದ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿ, ಆಯಿತು ಎಂದರು.

ಪ್ರದರ್ಶನದ ದಿನ ಲಿವರ್‌ಮೋರಿಗೆ ಹೋದೆವು. ಆ ಊರು ಎಂದರೆ ನನಗೆ ದೇವಸ್ಥಾನ ಮಾತ್ರ ಗೊತ್ತಿತ್ತು. ದೊಡ್ಡದೊಂದು ಹಾಲ್ ತುಂಬ ಮೇಜುಗಳು, ಟೋಪಿ ಹಾಕಿದ ವಯಸ್ಸಾದ ಗಂಡಸರು, ಎಣ್ಣೆಯ ವಾಸನೆ. ನಿಮ್ಮಮ್ಮ ಕಾರಿನಲ್ಲೇ ಕೂತಳು. ಒಬ್ಬ ಎತ್ತರದ ಮುದುಕ ಬಗ್ಗಿ ಬಕಲ್ ನೋಡಿ, ಪಟ್ಟಿ ಮುಟ್ಟಿ, ಬಟ್ಟೆಗೆ ಬೆರಳು ತೋರಿಸಿದ. ಪುಟ್ಟೀ, ಆಗ ನೀನು ಮಾತಾಡತೊಡಗಿದೆ. ನಿನ್ನ ಇಂಗ್ಲಿಷಿನಲ್ಲಿ ನನಗೆ ತಿಳಿದದ್ದು ಕುಕ್ ಎಂಬುದೊಂದೇ. ಮೂರು ಸಲ ಬಂತು. ಮೊದಲನೆಯ ಸಲ ನನಗೆ ಬಾಗಿಲ ಕಡೆ ಓಡಿಹೋಗಬೇಕು ಅನ್ನಿಸಿತು. ತಿರುಗಿದರೆ ಬಾಗಿಲಲ್ಲಿ ನಿಮ್ಮಮ್ಮ ನಿಂತಿದ್ದಳು, ಕೈಕಟ್ಟಿಕೊಂಡು, ನಿನ್ನನ್ನೇ ನೋಡುತ್ತ. ನಾನು ಓಡಲಿಲ್ಲ.

ವಾಪಸು ಬರುವಾಗ ಫ್ರೀವೇ ಮೇಲೆ ಅವಳು ಹಿಂದಕ್ಕೆ ತಿರುಗದೆ ಕೇಳಿದಳು, "ಆ ಕಾಗದ ಎಲ್ಲವ್ವ?"

"ಒಲೆಗೆ ಹಾಕ್ದೆ. ಅವರ ಕಾಗ್ದ ಎಲ್ಲಾನೂ."

"ಯಾಕೆ?"

"ಮನೇಲೇ ಇದ್ದ ನಿಮ್ ಚಿಕ್ಕಪ್ಪಂಗೆ ಓದಾಕ್ ಬರ್ತಿತ್ತಲ್ಲ."

ಅವಳು ನಗಲಿಲ್ಲ. ಮನೆ ಕಡೆಯ ಮಾರ್ಗನ್ ಹಿಲ್ ಹತ್ತಿರ ಬಂದ ಮೇಲೆ, "ನೆನಪಿರೋದನ್ನಾದ್ರೂ ಹೇಳು. ಎಲ್ಲಾ ಕಾಗದದ್ದೂ," ಎಂದಳು. ಹೇಳಲು ಹೊರಟೆ. ಆ ಒಂದು ಕಾಗದ ಬಿಟ್ಟರೆ ಉಳಿದವುಗಳಲ್ಲಿ ಒಂದೊಂದು ಸಾಲು, ಅರ್ಧರ್ಧ ಸಾಲು ಮಾತ್ರ ನೆನಪಾಯಿತು. ಮುದ್ದೆ ತಿಂದು ಹನ್ನೊಂದು ತಿಂಗಳಾಯಿತು ಎಂದು ಒಂದರಲ್ಲಿ ಬರೆದಿದ್ದರು. ಹಿಮದಲ್ಲಿ ಬೇಳೆ ಬೇಯುವುದೇ ಇಲ್ಲ ಎಂದು ಇನ್ನೊಂದರಲ್ಲಿ. ಉಳಿದದ್ದು ಬರಲಿಲ್ಲ. ಹಠ ಮಾಡಿ ಕಣ್ಣುಮುಚ್ಚಿ ಕೂತೆ, ಬರಲಿಲ್ಲ. ಅವಳಿಗೆ ಅಷ್ಟೇ ಕೊಡಲು ಆಯಿತು.

ಅದಕ್ಕೇ ಇದನ್ನು ಬರೆದಿದ್ದೇನೆ ಮಕ್ಕಳೇ. ಫೋಟೋಗೆ ಗಾಜಿದೆ, ಚೌಕಟ್ಟಿದೆ, ಅದನ್ನು ಯಾರಾದರೂ ಜೋಪಾನ ಮಾಡುತ್ತಾರೆ. ಆದರೆ ಅದೊಂದೇ ಉಳಿದರೆ ನೋಡಿದವರು ಮತ್ತೆ ಬಂದೂಕನ್ನೇ ನಂಬುತ್ತಾರೆ. ಈ ಹಾಳೆಗಳನ್ನು ಚೌಕಟ್ಟಿನ ಹಿಂದೆ, ಚಿತ್ರಕ್ಕೂ ರಟ್ಟಿಗೂ ನಡುವೆ ಸೇರಿಸಿಡಿ. ಮನೆ ಬದಲಿಸುವಾಗ ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗೆ ಹಾಕಬೇಡಿ.